ಅಳಿಸಬಾರದ ಕಾರ್ಡು

ನನಗೆ ಅನುಮಾನ ಹುಟ್ಟುಗುಣ. ಮೈಸೂರಿನಲ್ಲಿದ್ದಾಗ ಹಾಲಿನವನ ಎದುರಿಗೇ ಪಾತ್ರೆಗೆ ಬೆರಳದ್ದಿ ನೀರು ಎಷ್ಟು ಬೆರೆಸಿದ್ದಾನೆ ಅಂತ ನೋಡುತ್ತಿದ್ದೆ. ಸಾನ್ ಫ್ರಾನ್ಸಿಸ್ಕೋ ಪಕ್ಕದ ಹೇವರ್ಡಿಗೆ ಬಂದ ಮೇಲೆ ಹಾಲು ಸೀಲಾದ ಡಬ್ಬದಲ್ಲಿ ಬರತೊಡಗಿತು, ಆಗ ಡಬ್ಬದ ಮೇಲಿನ ತಾರೀಖನ್ನು ಅನುಮಾನಿಸಿದೆ. ನಮ್ಮ ಯಜಮಾನರು ದ್ವಾರಕಾನಾಥ್ ಓಕ್ಲ್ಯಾಂಡಿನಲ್ಲಿ ಸಿವಿಲ್ ಇಂಜಿನಿಯರು, ಯಾರನ್ನೂ ಅನುಮಾನಿಸಿದವರಲ್ಲ. "ಮನೆಗೆ ಒಬ್ಬ ಸಿಐಡಿ ಸಾಕು" ಎನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಗುಣಕ್ಕೆ ತಕ್ಕ ಕೆಲಸವೂ ಸಿಕ್ಕಿತ್ತು. ಹೇವರ್ಡಿನ ಹಿಂದಿನ ಗುಡ್ಡದ ಮೇಲೆ ಮಾರ್ಕೆಸಿ ತೋಟ ಅಂತ ಒಂದು ಹಳೆಯ ಸಸ್ಯೋದ್ಯಾನ. ಅಲ್ಲಿನ ಗಿಡಗಳ ದಾಖಲೆ ಇಡುವವಳು ನಾನು. ಮೈಸೂರಿನಲ್ಲಿ ಬಾಟನಿ ಎಂಎಸ್ಸಿ ಮಾಡಿ ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದವಳಿಗೆ, ಮಗಳು ವಸುಧಾ ದೊಡ್ಡವಳಾದ ಮೇಲೆ ಸಿಕ್ಕ ಮರ್ಯಾದೆಯ ಕೆಲಸ ಅದು. ಸೋಮವಾರದಿಂದ ಶುಕ್ರವಾರದ ತನಕ ಹೋಗಬೇಕು. ಶನಿವಾರ, ಭಾನುವಾರ ಮಾತ್ರ ತೋಟ ಜನಕ್ಕೆ ತೆರೆಯುತ್ತಿತ್ತು, ಆ ಎರಡು ದಿನ ನನಗೆ ರಜೆ.

ತೋಟ ಮಾಡಿದವನು ಜಾಕೊಮೊ ಮಾರ್ಕೆಸಿ ಅಂತ, ಜಿನೋವಾ ಕಡೆಯ ಆಲಿವ್ ಎಣ್ಣೆ ವ್ಯಾಪಾರಿ. ಸಾನ್ ಫ್ರಾನ್ಸಿಸ್ಕೋದ ಭೂಕಂಪದಲ್ಲಿ ಅವನ ಮಳಿಗೆ ಸುಟ್ಟುಹೋದ ಮೇಲೆ ಕೊಲ್ಲಿಯ ಈಚೆ ದಡಕ್ಕೆ ಬಂದು ಬರಡು ಗುಡ್ಡ ಕೊಂಡ. ಬೇಸಿಗೆಯಲ್ಲಿ ಹುಲ್ಲು ಒಣಗಿ, ಚಳಿಗಾಲದಲ್ಲಿ ಮಳೆ ಬರುವ ಈ ಊರು ತನ್ನ ಊರಿನ ಹಾಗೇ ಇದೆ ಅನ್ನಿಸಿತಂತೆ ಅವನಿಗೆ. ಗುಡ್ಡವನ್ನು ಐದು ಹಂತವಾಗಿ ಕಡಿಸಿ ಕಲ್ಲಿನ ಕಟ್ಟೆ ಕಟ್ಟಿಸಿದ. ಒದ್ದೆ ಪಾಚಿಯಲ್ಲಿ ಸುತ್ತಿದ ಸಸಿಗಳು ಹಡಗಿನಲ್ಲಿ ಬಂದವು. ಕೆಳಗಿನ ಹಂತದಲ್ಲಿ ಅವನ ಊರಿನ ನಿಂಬೆ, ಕಿತ್ತಳೆ. ಅದರ ಮೇಲೆ ಸ್ಪೇನು, ಮೊರಾಕೊ. ಮೂರನೆಯದರಲ್ಲಿ ಗ್ರೀಸಿನ ದ್ವೀಪಗಳ ಮರುಗ, ಮಾಚಿಪತ್ರೆಯ ಜಾತಿಗಳು. ನಾಲ್ಕರಲ್ಲಿ ದಾಳಿಂಬೆ, ಅಂಜೂರ, ಎಲಚಿ. ತುತ್ತತುದಿಯಲ್ಲಿ ಲೆಬನಾನಿನ ದೇವದಾರು ಮೂರು ಮರ, ಅವುಗಳ ಕೆಳಗೆ ನಿಂತರೆ ಕೊಲ್ಲಿಯ ನೀರು, ಸೇತುವೆ ಎಲ್ಲ ಕಾಣುತ್ತಿತ್ತು.

ಒಂದೊಂದು ಗಿಡಕ್ಕೂ ಮಾರ್ಕೆಸಿ ಒಂದು ದಪ್ಪ ಕಾರ್ಡು ಮಾಡಿದ್ದ. ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವಾಗ ನೆಟ್ಟಿದ್ದು, ಯಾವ ಹಿಮಕ್ಕೆ ಯಾವ ಕೊಂಬೆ ಹೋಯಿತು, ಎಲ್ಲ ಅದರಲ್ಲಿ. ಗಿಡದ ಹತ್ತಿರ ಹೆಸರಿನ ಫಲಕ ಇರಲಿಲ್ಲ, ತಗಡಿನ ಮೇಲೆ ಒಂದು ನಂಬರು ಮಾತ್ರ. ಆ ನಂಬರು ಯಾವ ಗಿಡದ್ದು ಅಂತ ತಿಳಿಯಬೇಕಾದರೆ ಕಾರ್ಡಿನ ಕೋಣೆಗೇ ಬರಬೇಕು. ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಬ್ಬಳು ನಾನು, ಇನ್ನೊಬ್ಬ ಆಲ್ದೊ ಪರೋದಿ.

ಆಲ್ದೊ ತೋಟದ ಮಾಲಿ. ಅರವತ್ತೆಂಟು ವರ್ಷ, ಹೆಂಡತಿ ತೀರಿಕೊಂಡಿದ್ದಳು. ಮೂವತ್ತನಾಲ್ಕು ವರ್ಷದಿಂದ ಗೇಟಿನ ಪಕ್ಕದ ಎರಡು ಕೋಣೆಯ ಕಲ್ಲುಮನೆಯಲ್ಲಿ ಇದ್ದ. ಕೆಲಸದ ಜೊತೆಗೇ ಬಂದ ಮನೆ ಅದು, ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ನನ್ನನ್ನು ಸಿನ್ಯೋರಾ, ಅಂದರೆ ಅಮ್ಮಾವ್ರೇ, ಅನ್ನುತ್ತಿದ್ದ. ನಾನು ಸೇರಿದ ಮೊದಲ ದಿನ ಒಂದು ಕಾರ್ಡಿನ ಮೇಲೆ ತಾರೀಖು ತಪ್ಪು ಬರೆದು, ಬಿಳಿ ಬಣ್ಣ ಹಚ್ಚಿ ಮುಚ್ಚಲು ಹೋದೆ. ಮಣ್ಣು ಮೆತ್ತಿದ ಕೈ ಚಾಚಿ ಬಾಟಲಿಯನ್ನು ದೂರ ಸರಿಸಿದ.

"ಇಲ್ಲಿ ಅಳಿಸೋ ಹಾಗಿಲ್ಲ, ಸಿನ್ಯೋರಾ. ಒಂದು ಗೆರೆ ಎಳೀರಿ, ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಮಾಡಿ. ಕೆಳಗಿಂದು ಓದೋಕೆ ಬರ್ಬೇಕು. ಮಾರ್ಕೆಸಿ ಯಜಮಾನ್ರ ರೂಲು."

ಆ ರೂಲು ನನಗೆ ಬಹಳ ಹಿಡಿಸಿತು. ಯಾರೂ ಯಾರಿಗೂ ಮೋಸ ಮಾಡಲಾಗದ ವ್ಯವಸ್ಥೆ ಅನ್ನಿಸಿತು.

ಕಾರ್ಡುಗಳನ್ನು ಓದುತ್ತಾ ಹೋದ ಹಾಗೆ ತೋಟ ನನ್ನದೇ ಅನ್ನಿಸತೊಡಗಿತು. ಸಿಕ್ಕಿದವರಿಗೆಲ್ಲ ಅದನ್ನು ಹೇಳಿಕೊಂಡು ಓಡಾಡುತ್ತಿದ್ದೆ. ೨೧೪ನೇ ಕಾರ್ಡಿನ ಮೇಲೆ ನನಗೆ ವಿಶೇಷ ಅಕ್ಕರೆ. ಅದು ಕೆಳಗಿನ ಹಂತದ ಮುಳ್ಳುಕಿತ್ತಳೆ, ಒಂದೊಂದು ತೊಟ್ಟಿಗೂ ಮೂರು ಮೂರು ಎಲೆ. ಹಣ್ಣು ತಿನ್ನಲಾಗದಷ್ಟು ಕಹಿ, ಆದರೆ ಬೇರು ಗಟ್ಟಿ, ಅದರ ಮೇಲೆ ನಿಂಬೆ ಕಸಿ ಕಟ್ಟುತ್ತಾರೆ. ೧೯೧೧ರಲ್ಲಿ ನೆಟ್ಟಿದ್ದು. ಮಾರ್ಕೆಸಿ ಬರೆದಿದ್ದ ಹಳೆಯ ಲ್ಯಾಟಿನ್ ಹೆಸರಿನ ಮೊದಲ ಭಾಗ ಈಗ್ಲಿ. ನಮ್ಮ ಬಿಲ್ವಕ್ಕೂ ಬಾಟನಿಯಲ್ಲಿ ಅದೇ ಕುಲನಾಮ. ಅದರ ಕೆಳಗೆ ೧೯೫೨ರ ಇಸವಿ ಹಾಕಿ, ಮುದುಕನಾಗಿದ್ದ ಮಾರ್ಕೆಸಿ ಇನ್ನೊಂದು ಸಾಲು ಬರೆದಿದ್ದ: "ಇದರ ಬೇರಿನ ಮೇಲೆ ಆರು ನಿಂಬೆ ಕಸಿ ಕಟ್ಟಿದವನು ಎ. ಪರೋದಿ. ಆರೂ ಬದುಕಿವೆ." ಆಲ್ದೊನ ಹೆಸರು ಕಾರ್ಡಿಗೆ ಹತ್ತಿದ್ದು ಅದೇ ಮೊದಲು. ಅದನ್ನು ನನಗೆ ತೋರಿಸುವಾಗ ಅವನು ಕೈ ತೊಳೆದುಕೊಂಡು ಬಂದಿದ್ದ.

೧೯೮೬ರ ಆಗಸ್ಟಿನಲ್ಲಿ ಒಂದು ಸೋಮವಾರ ಬೆಳಿಗ್ಗೆ ಆ ಗಿಡದ ಒಂದು ಕೊಂಬೆ ಬೋಳಾಗಿತ್ತು.

ಜಿಂಕೆ ತಿಂದಿರಬಹುದು ಅಂದುಕೊಂಡು ಬಗ್ಗಿ ನೋಡಿದೆ. ಜಿಂಕೆ ಮುಳ್ಳಿನ ನಡುವೆ ಬಾಯಿ ಹಾಕಿ ಎಲೆ ಆರಿಸಿಕೊಳ್ಳುವುದಿಲ್ಲ. ಉಗುರಿನಿಂದ ಒಂದೊಂದೇ ಚಿವುಟಿದ ಗುರುತಿತ್ತು. ಮುಂದಿನ ಸೋಮವಾರ ದಾಳಿಂಬೆಯ ಚಿಗುರು ಮಾಯ, ಮರುಗ ಅರ್ಧಕ್ಕರ್ಧ ಮಾಯ. ಅದರ ಮುಂದಿನ ವಾರ ದೇವದಾರುವಿನ ಕೈಗೆಟುಕುವ ಕೊಂಬೆ, ಎಲಚಿ, ಮಾಚಿಪತ್ರೆಯ ಜಾತಿ, ಜಾಜಿ, ಗ್ರೀಸಿನ ಲಕ್ಕಿಗಿಡ. ಎಲ್ಲವೂ ಸೋಮವಾರವೇ ಕಾಣುತ್ತಿದ್ದವು. ಮುಳ್ಳುಕಿತ್ತಳೆಗಂತೂ ವಾರವಾರವೂ ಪೆಟ್ಟು. ಎಪ್ಪತ್ತೈದು ವರ್ಷದ ಮುದಿ ಗಿಡ ಅದು, ಒಂದು ಪಕ್ಕ ಒಣಗತೊಡಗಿತು.

ನಾನು ಯೋಚನೆ ಮಾಡಿದ್ದು ಹೀಗೆ. ವಾರದ ಕೊನೆಯಲ್ಲಿ ಬರುವ ಜನ ಕಿತ್ತಿರಲಾರರು. ಅವರು ಕೀಳುವುದಾದರೆ ಹೂವು ಕೀಳುತ್ತಾರೆ, ನಿಂಬೆಹಣ್ಣು ಕದಿಯುತ್ತಾರೆ. ಇಲ್ಲಿ ಐದು ಹಂತದಲ್ಲೂ ಬೇರೆ ಬೇರೆ ಗಿಡ ಆರಿಸಿ, ಪಕ್ಕದ ಗಿಡ ಮುಟ್ಟದೆ, ಬೇಕಾದ್ದನ್ನೇ ಚಿವುಟಿದ್ದಾರೆ. ಹೆಸರಿನ ಫಲಕವಿಲ್ಲದ ತೋಟದಲ್ಲಿ ಅದು ಸಾಧ್ಯವಾಗಬೇಕಾದರೆ ನಂಬರು ಗೊತ್ತಿರಬೇಕು. ನಂಬರು ಗೊತ್ತಿದ್ದವರು ಇಬ್ಬರು. ನಾನು ಕಿತ್ತಿಲ್ಲ. ಶನಿವಾರ, ಭಾನುವಾರ ಕೀಲಿಕೈ ಇಟ್ಟುಕೊಂಡು ತೋಟದಲ್ಲೇ ಇರುವವನು ಇನ್ನೊಬ್ಬ.

ಅಲ್ಲಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆಲ್ದೊನನ್ನು ಕಾಯತೊಡಗಿದೆ. ಅವನ ಮುಂಗೈ ತುಂಬ ಮುಳ್ಳು ಗೀರಿದ ಗಾಯ. ಅವನ ಟ್ರಕ್ಕಿನಲ್ಲಿ ಬಾಯಿ ಕಟ್ಟಿದ ಗೋಣಿಚೀಲ. ಒಂದು ದಿನ ಮುಳ್ಳುಕಿತ್ತಳೆಯ ಬುಡದಲ್ಲಿ ಹಳದಿ ಪುಡಿ ಚೆಲ್ಲಿದ್ದು ಕಂಡಿತು. ಗಂಧಕ. ಬೂದಿರೋಗಕ್ಕೆ ಗಂಧಕದ ಪುಡಿ ಎರಚುವವನು ತೋಟದಲ್ಲಿ ಅವನೊಬ್ಬನೇ. ಕಿತ್ತ ಗಾಯಕ್ಕೆ ಔಷಧಿ ಹಾಕಿ ಹೋಗಿದ್ದಾನೆ ಕಳ್ಳ, ಅಂದುಕೊಂಡೆ. ಬೆರಳಲ್ಲಿ ಮುಟ್ಟಲಿಲ್ಲ, ಮೂಸಲಿಲ್ಲ. ಕಾಗದದ ತುದಿಯಲ್ಲಿ ಎತ್ತಿ ಕವರಿಗೆ ಹಾಕಿ ಅಂಟಿಸಿ, ಮೇಲೆ ತಾರೀಖು ಬರೆದೆ. ಸಿಐಡಿ ಅಂದರೆ ಹೀಗಿರಬೇಕು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವನ ಜೊತೆ ಮಾತು ನಿಲ್ಲಿಸಿದೆ. ಎರಡು ಸಲ ಕಾರ್ಡಿನ ಕೋಣೆಯ ಬಾಗಿಲಿಗೆ ಬಂದು, "ಸಿನ್ಯೋರಾ, ಒಂದು ವಿಷಯ ಕೇಳ್ಬೇಕಿತ್ತು" ಅಂದ. ಎರಡು ಸಲವೂ ಟೈಪ್‌ರೈಟರಿನಿಂದ ತಲೆ ಎತ್ತದೆ, "ಆಮೇಲೆ ನೋಡೋಣ" ಅಂದೆ. ನನ್ನನ್ನು ಪುಸಲಾಯಿಸಲು ಬಂದಿದ್ದಾನೆ ಅಂತಲೇ ನನ್ನ ಲೆಕ್ಕ.

ಕೊನೆಗೆ ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಸಸಿಮನೆಯ ಹಿಂದಕ್ಕೆ ಹೋಗಿ ನೋಡಿದೆ. ಹಳೆಯ ಹಲಗೆ ಅಡ್ಡ ಇಟ್ಟು ಮರೆಮಾಡಿದ ಜಾಗದಲ್ಲಿ ಇಪ್ಪತ್ತು ಮೂವತ್ತು ಕುಂಡ. ಒಂದೊಂದರಲ್ಲೂ ಎಳೆಯ ಕಡ್ಡಿ. ಮುಳ್ಳುಕಿತ್ತಳೆ, ದಾಳಿಂಬೆ, ಎಲಚಿ, ಲಕ್ಕಿ. ಯಾವುದಕ್ಕೂ ನಂಬರಿಲ್ಲ. ಕದ್ದು ಸಸಿ ಮಾಡಿ ಯಾವುದೋ ನರ್ಸರಿಗೆ ಮಾರುತ್ತಿದ್ದಾನೆ ಅನ್ನುವುದಕ್ಕೆ ಇನ್ನೇನು ಬೇಕಿತ್ತು ನನಗೆ. ನೇರವಾಗಿ ಕಾರ್ಡಿನ ಕೋಣೆಗೆ ಬಂದು ೨೧೪ನೇ ಕಾರ್ಡು ತೆಗೆದು, ಶಾಯಿ ಪೆನ್ನಿನಿಂದ ಬರೆದೆ: "ಎಲೆ, ಚಿಗುರು ಕಳವು. ಎ. ಪರೋದಿ ಮೇಲೆ ಅನುಮಾನ." ಕೆಳಗೆ ಸಹಿ. ಆಮೇಲೆ ಡೈರೆಕ್ಟರ್ ಮಿಸೆಸ್ ಹಾರ್ಗ್ರೋವ್ ಹತ್ತಿರ ಹೋಗಿ ಎರಡು ಪುಟದ ರಿಪೋರ್ಟು ಕೊಟ್ಟೆ.

ಅವಳು ಒಳ್ಳೆಯ ಹೆಂಗಸು, ಓದಿ ಮುಖ ಸಣ್ಣ ಮಾಡಿಕೊಂಡಳು. ಆಲ್ದೊನನ್ನು ಕರೆಸಿದಳು. ಕುಂಡಗಳ ವಿಷಯ ಕೇಳಿದ್ದಕ್ಕೆ, "ಮುದಿ ಗಿಡಗಳು ಸಾಯ್ತಾ ಇವೆ, ಬದಲಿಗೆ ಇರ್ಲಿ ಅಂತ" ಅಂದ. ಎಲೆ ಯಾರು ಕಿತ್ತರು ಅಂದಾಗ ನನ್ನ ಕಡೆ ಒಮ್ಮೆ ನೋಡಿದ. "ಗೊತ್ತಿಲ್ಲ" ಅಂದ. ಆ ನೋಟದಲ್ಲೇ ಅವನ ತಪ್ಪು ಬರೆದಿದೆ ಅಂತ ನನಗನ್ನಿಸಿತು. ಸೋಮವಾರ ಸಮಿತಿ ಸೇರಿ ತೀರ್ಮಾನ ಮಾಡುವ ತನಕ ಕೆಲಸ ನಿಲ್ಲಿಸಬೇಕು, ಕಳವು ನಿಜವಾದರೆ ತಿಂಗಳೊಳಗೆ ಮನೆ ಖಾಲಿ ಮಾಡಬೇಕು ಅಂತ ಹೇಳಿ ತೋಟದ ಕೀಲಿಕೈಗಳನ್ನು ಕೇಳಿದಳು. ಅವನು ಗೊಂಚಲಿನಿಂದ ಸಸಿಮನೆಯದು, ಕಾರ್ಡಿನ ಕೋಣೆಯದು ಎರಡನ್ನೂ ಒಂದೊಂದಾಗಿ ಬಿಡಿಸಿ ಅವಳ ಮೇಜಿನ ಮೇಲಿಟ್ಟ. ನನಗೆ ಅಯ್ಯೋ ಅನ್ನಿಸಲಿಲ್ಲ. ಗೆದ್ದೆ ಅನ್ನಿಸಿತು. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೇ.

ಆ ಭಾನುವಾರವೇ ಗಣೇಶನ ಹಬ್ಬ. ನಮ್ಮ ಕನ್ನಡದವರೆಲ್ಲ ಸೇರಿ ಹೇವರ್ಡಿನ ಗೋಡೌನುಗಳ ಮಧ್ಯೆ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ನಲವತ್ತು ಮನೆ ಜನ. ಪೂಜೆಗೆ ಕೂತವರು ವೆಂಕಟಾಚಲ, ವಾರವೆಲ್ಲ ಪ್ಲೆಸೆಂಟನ್ನಿನ ಕಂಪನಿಯಲ್ಲಿ ಇಂಜಿನಿಯರು, ಹಬ್ಬ ಬಂದರೆ ಪಂಚೆ ಉಟ್ಟು ನಮ್ಮ ಪುರೋಹಿತರು. ನಾನು ಪುಳಿಯೋಗರೆಯ ಪಾತ್ರೆ ಇಳಿಸಿ ಮುಂದಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ವಸುಧಾ.

ವೆಂಕಟಾಚಲ ಇಪ್ಪತ್ತೊಂದು ಪತ್ರೆಯ ಪೂಜೆ ಶುರು ಮಾಡಿದರು. ದೊಡ್ಡ ಸ್ಟೀಲಿನ ತಟ್ಟೆಯಿಂದ ಒಂದೊಂದೇ ಎಲೆ ಎತ್ತಿ, "ಮಾಚೀಪತ್ರಂ ಸಮರ್ಪಯಾಮಿ" ಅಂದರು. ಬೆಳ್ಳಿಬಣ್ಣದ ಸೀಳೆಲೆ, ಮೂರನೇ ಹಂತದ್ದು. "ಬಿಲ್ವಪತ್ರಂ ಸಮರ್ಪಯಾಮಿ." ಮೂರು ಮೂರು ಎಲೆ, ತೊಟ್ಟಿನ ಹತ್ತಿರ ಹಸಿರು ಮುಳ್ಳು. ೨೧೪ರದ್ದೇ. ದಾಡಿಮೀಪತ್ರಂ. ದೇವದಾರುಪತ್ರಂ. ಸಿಂಧುವಾರಪತ್ರಂ, ಅಂದರೆ ಲಕ್ಕಿ. ನಾನು ಸೋಮವಾರ ಸೋಮವಾರ ಲ್ಯಾಟಿನ್ನಿನಲ್ಲಿ ಬರೆದುಕೊಂಡಿದ್ದ ಪಟ್ಟಿಯನ್ನು ಅವರು ಸಂಸ್ಕೃತದಲ್ಲಿ ಓದುತ್ತಿದ್ದರು. ಚಿಕ್ಕಂದಿನಿಂದ ಹಬ್ಬಕ್ಕೆ ಪತ್ರೆ ಬಿಡಿಸಿದ ಕೈ ನನ್ನದು, ಒಂದು ತಿಂಗಳು ಅದೇ ಗಿಡಗಳ ಮುಂದೆ ನಿಂತು ನನಗೆ ಹೊಳೆದಿರಲಿಲ್ಲ.

ವೆಂಕಟಾಚಲರ ಮೂರು ಬೆರಳಿಗೆ ಬ್ಯಾಂಡ್-ಏಡು. ಸುತ್ತ ತಿರುಗಿ ನೋಡಿದೆ. ಹಾಲ್‌ನಲ್ಲಿ ಕೂತವರ ಕೈಬೆರಳುಗಳಲ್ಲಿ ಎಷ್ಟೊಂದು ಬ್ಯಾಂಡ್-ಏಡು.

ಅವರ ಮೊಣಕಾಲಿನ ಹತ್ತಿರ ಒಂದು ಕಾಗದ ಬಿದ್ದಿತ್ತು. ವಸುಧಾ ಎತ್ತಿ ನೋಡಿ ನನ್ನ ಕಿವಿಯಲ್ಲಿ ಹೇಳಿದಳು, "ಅಮ್ಮಾ, ದಿಸ್ ಈಸ್ ಯುವರ್ ಹ್ಯಾಂಡ್‌ರೈಟಿಂಗ್."

ಜೆರಾಕ್ಸಿನ ಜೆರಾಕ್ಸು. ಮಸುಕಾಗಿತ್ತು, ಆದರೂ ನನ್ನದೇ ದುಂಡಕ್ಷರ. ಹಿಂದಿನ ವರ್ಷದ ಹಬ್ಬದಲ್ಲಿ ಊಟ ಮಾಡುತ್ತಾ ವೆಂಕಟಾಚಲ, ಈ ಊರಲ್ಲಿ ಇಪ್ಪತ್ತೊಂದು ಪತ್ರೆ ಎಲ್ಲಿ ಸಿಗುತ್ತೆ, ಪಾಲಕ್ ಸೊಪ್ಪು ಏರಿಸಬೇಕಷ್ಟೆ ಅಂದಿದ್ದರು. ನನಗೆ ಜಂಬ. ಯಾಕೆ ಸಿಗಲ್ಲ, ನಮ್ಮ ತೋಟದಲ್ಲಿ ಎಲ್ಲಕ್ಕೂ ನೆಂಟರಿದ್ದಾರೆ ಅಂತ ಅಲ್ಲೇ ಕೂತು ಬರೆದುಕೊಟ್ಟಿದ್ದೆ. ಬಿಲ್ವಕ್ಕೆ ಮುಳ್ಳುಕಿತ್ತಳೆ, ಕೆಳಗಿನ ಹಂತ, ೨೧೪. ಮಾವಿಗೆ ಅದರ ಬಳಗದ ಅಂಟುಮರ, ಎರಡನೇ ಹಂತ, ೮೮. ಬನ್ನಿಗೆ ಅದರ ಹಾಗೇ ಕಾಯಿ ಬಿಡುವ ಕ್ಯಾರಬ್ ಮರ. ಹೀಗೆ ಇಪ್ಪತ್ತೊಂದೂ, ನಂಬರಿನ ಸಮೇತ. ಕೀಳಿ ಅಂತ ಬರೆಯಲಿಲ್ಲ, ಕೀಳಬೇಡಿ ಅಂತಲೂ ಬರೆಯಲಿಲ್ಲ. ಎಲೆ ಎತ್ತಿ ಕೈ ತೊಳೆಯುವಷ್ಟರಲ್ಲಿ ಅದನ್ನು ಮರೆತಿದ್ದೆ.

ಮಂಗಳಾರತಿ ಮುಗಿಯುವುದನ್ನೇ ಕಾದು ವೆಂಕಟಾಚಲರನ್ನು ಅಡುಗೆಕೋಣೆಗೆ ಕರೆದೆ.

"ಇದು ಎಷ್ಟು ಜನಕ್ಕೆ ಕೊಟ್ಟಿದೀರಿ?"

"ಎಲ್ರಿಗೂ ಕೊಟ್ಟೆ ಕಣಮ್ಮ, ಪೋಸ್ಟ್ ಮಾಡ್ಸಿದ್ವಿ ಜುಲೈನಲ್ಲಿ," ಅಂದರು ಖುಷಿಯಿಂದ. "ಶ್ರಾವಣದಲ್ಲಿ ಮಂಗಳಗೌರಿ ಮಾಡೋ ಹುಡುಗೀರು ಇದಾರಲ್ಲ, ಅವ್ರಿಗೂ ಅನುಕೂಲ ಆಯ್ತು. ನೀನು ಪುಣ್ಯ ಕಟ್ಕೊಂಡೆ. ಒಬ್ಬೊಬ್ರು ಎರಡೆರಡು ಎಲೆ, ಅಷ್ಟೆ. ಯಾರೂ ಜಾಸ್ತಿ ಕಿತ್ತಿಲ್ಲ."

ಎರಡೆರಡು ಎಲೆ, ನಲವತ್ತು ಮನೆ, ಐದು ವಾರ. ಕಾಫಿ ಸೋಸುತ್ತಿದ್ದ ದೊಡ್ಡತಾಯಮ್ಮ ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದರು. ಮಂಡ್ಯದ ಕಡೆಯವರು, ಮಗ ಸುರೇಶನ ಮನೆಗೆ ಆರು ತಿಂಗಳಿಗೆ ಬಂದಿದ್ದರು.

"ನಾವೇನು ಸುಮ್ಕೆ ಕಿತ್ತಿಲ್ಲ ಕಣವ್ವ. ಗಿಡುಕ್ಕೆ ಅರ್ಸಿನ ಇಟ್ಟು, ತಪ್ಪಾಯ್ತು ಅಂತ ಕೇಳ್ಕಂಡು ಕಿತ್ತೆ. ಗಿಡ್ವ ಕೇಳ್ದೆ ಎಲೆ ಮುಟ್ಟದುಂಟಾ?"

"ತೋಟದವ್ರನ್ನ ಕೇಳಿದ್ರಾ, ದೊಡ್ಡತಾಯಮ್ಮ?"

"ಆ ವಯಸ್ಸಾದೋನು ಗೇಟ್ತಾವ ಕುಂತಿದ್ದ. ನನ್ ಸೊಸೆ ನಿನ್ ಹೆಸ್ರು ಹೇಳುದ್ಲು. ನಗ್ನಗ್ತಾ ಒಳೀಕ್ ಬುಟ್ಟ."

ಅರಿಶಿನ ಅನ್ನುವ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಊಟಕ್ಕೆ ಕೂರಲಿಲ್ಲ. ಮನೆಗೆ ಬಂದು ಬೀರುವಿನಿಂದ ಆ ಕವರು ತೆಗೆದು ಹರಿದೆ. ಮೂಗಿನ ಹತ್ತಿರ ತರಬೇಕಾಗಿಯೂ ಇರಲಿಲ್ಲ, ಕೋಣೆಯೆಲ್ಲ ಅಡುಗೆಮನೆಯ ವಾಸನೆ. ದಿನಾ ಸಾರಿಗೆ ಹಾಕುವ, ದಿನಾ ಕೆನ್ನೆಗೆ ಹಚ್ಚುವ ಅರಿಶಿನವನ್ನು ಗಂಧಕ ಅಂತ ಕವರಿನ ಮೇಲೆ ಬರೆದು ಸಹಿ ಮಾಡಿದ್ದೆ. ಮಂಚದ ಮೇಲೆ ಕೂತು ಅತ್ತೆ.

ಸಂಜೆ ವೆಂಕಟಾಚಲ ಮನೆಗೇ ಬಂದರು. ಅಷ್ಟರಲ್ಲಿ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಸೋಫಾದ ತುದಿಯಲ್ಲಿ ಕೂತು, ಪಂಚೆ ಸರಿಮಾಡಿಕೊಂಡು, ಮೆಲ್ಲಗೆ ಹೇಳಿದರು.

"ವೇದಾ, ಯೋಚ್ನೆ ಮಾಡಮ್ಮ. ನಾಳೆ ಮೀಟಿಂಗಲ್ಲಿ ನೀನು ಇದನ್ನ ಹೇಳಿದ್ರೆ ಇಂಡಿಯನ್ಸ್ ಎಲ್ಲಾ ಕಳ್ಳರು ಅಂತಾರೆ. ಇಷ್ಟು ವರ್ಷದಿಂದ ತಲೆ ಎತ್ಕೊಂಡು ಬಾಳಿದೀವಿ. ಆ ಮನುಷ್ಯಂಗೂ ವಯಸ್ಸಾಯ್ತು, ಹೇಗೂ ರಿಟೈರ್ ಆಗ್ಬೇಕು. ಇನ್ಮೇಲೆ ಯಾರೂ ಆ ಕಡೆ ತಲೆ ಹಾಕಲ್ಲ, ನಾನು ಫೋನ್ ಮಾಡಿ ಹೇಳ್ತೀನಿ. ಅಲ್ಲಿಗೆ ಮುಗೀತು."

"ಅವನ ಮನೆ ಹೋಗುತ್ತೆ, ಮಾವ." ನಮ್ಮ ಯಜಮಾನರಿಗೆ ದೂರದ ಸೋದರಮಾವ ಅವರು.

"ನಿನ್ನ ಕೆಲ್ಸಾನೂ ಹೋಗುತ್ತಲ್ಲ."

ನಾನು ನಮ್ಮ ಯಜಮಾನರ ಮುಖ ನೋಡಿದೆ. ಅವರು ಟೀವಿಯ ಧ್ವನಿ ಕಡಿಮೆ ಮಾಡಿದರು. "ನಾನು ಏನ್ ಹೇಳ್ಲಿ, ನೀನೇ ಕಂಡುಹಿಡ್ದಿದೀಯ" ಅಂದರು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅಷ್ಟು ಕೋಪ ಅವರ ಮೇಲೆ ಎಂದೂ ಬಂದಿರಲಿಲ್ಲ. ಆದರೆ ಅವರು ಹೇಳಿದ್ದು ಸರಿ ಇತ್ತು.

ಸೋಮವಾರ ಹತ್ತು ಗಂಟೆಗೆ ಸಮಿತಿ ಕೂತಿತು. ಮಿಸೆಸ್ ಹಾರ್ಗ್ರೋವ್, ಇನ್ನಿಬ್ಬರು. ನಾನು ಆ ಜೆರಾಕ್ಸನ್ನೂ ಕವರನ್ನೂ ಮೇಜಿನ ಮೇಲಿಟ್ಟೆ. ಇದು ನಮ್ಮ ಹಬ್ಬದ ಪೂಜೆಗೆ ಬೇಕಾದ ಎಲೆಗಳ ಪಟ್ಟಿ, ಕಿತ್ತವರು ನಮ್ಮ ಜನ, ಒಬ್ಬರಲ್ಲ ನಲವತ್ತು ಮನೆಯವರು, ಕದ್ದೆವು ಅಂತ ಅವರಲ್ಲಿ ಒಬ್ಬರಿಗೂ ಅನ್ನಿಸಿಲ್ಲ ಅಂದೆ. ಈ ಪುಡಿ ಗಂಧಕವಲ್ಲ, ನಾವು ಅಡುಗೆಗೆ ಹಾಕುವುದು, ಗಿಡಕ್ಕೆ ಮರ್ಯಾದೆ ಮಾಡಲು ಇಟ್ಟದ್ದು ಅಂದೆ.

ಸಮಿತಿಯಲ್ಲಿದ್ದ ಗಂಡಸು ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದ. "ನಂಬರು ಇವ್ರಿಗೆ ಹೇಗೆ ಸಿಕ್ತು? ಇದು ಯಾರ ಕೈಬರಹ?"

"ನನ್ನದು."

ನಂಬರು ಗೊತ್ತಿದ್ದವರು ಇಬ್ಬರೇ ಅಂತ ನನ್ನ ರಿಪೋರ್ಟಿನ ಮೊದಲ ಪುಟದಲ್ಲೇ ಇತ್ತು, ಅದು ಮಿಸೆಸ್ ಹಾರ್ಗ್ರೋವ್ ಮುಂದೆ ತೆರೆದೇ ಬಿದ್ದಿತ್ತು. ಅವಳು ಅದನ್ನು ಮಡಚಿದಳು. ಆಲ್ದೊನ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು. ನನ್ನ ಮೇಲೆ ಒಂದು ಕಾಗದ ಬರೆದು ಫೈಲಿಗೆ ಹಾಕುತ್ತೇವೆ, ಸದ್ಯ ಕೆಲಸ ಮುಂದುವರಿಸು ಅಂದರು. ಬೈದಿದ್ದರೆ ವಾಸಿಯಿತ್ತು.

ಅವನ ಎರಡೂ ಕೀಲಿಕೈ ನಾನೇ ಕೊಡುತ್ತೇನೆ ಅಂತ ಕೇಳಿ ತೆಗೆದುಕೊಂಡೆ. ಕಾರ್ಡಿನ ಕೋಣೆಗೆ ಹೋಗಿ ೨೧೪ ತೆಗೆದೆ. ಬಿಳಿ ಬಣ್ಣದ ಬಾಟಲಿ ಡ್ರಾಯರಿನಲ್ಲೇ ಇತ್ತು. ಸುಳ್ಳು ಯಾಕೆ ಹೇಳಲಿ, ಕೈಗೆತ್ತಿಕೊಂಡೆ. ಎರಡು ಸಲ ಬ್ರಷ್ಷು ಎಳೆದರೆ ಸಾಕಿತ್ತು. ಆದರೆ ಆ ಬಾಟಲಿಯನ್ನು ಒಮ್ಮೆ ದೂರ ಸರಿಸಿದ ಕೈ ನೆನಪಾಯಿತು. ಕೆಳಗಿಟ್ಟು, ನನ್ನ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದೆ. ಅದರ ಕೆಳಗೆ ಬರೆದೆ: "ಅನುಮಾನ ಸುಳ್ಳು. ಎಲೆ ಕಿತ್ತವರು ನನ್ನ ಜನ. ದಾರಿ ತೋರಿಸಿದವಳು ನಾನು." ಸಹಿ ಹಾಕಿ, ಕಾರ್ಡು ಹಿಡಿದು ಗೇಟಿನ ಮನೆಗೆ ಹೋದೆ. ಕಾರ್ಡು ಕೋಣೆ ಬಿಟ್ಟು ಹೊರಗೆ ಹೋಗಬಾರದು ಅಂತಲೂ ರೂಲಿತ್ತು.

ಬಾಗಿಲು ತೆರೆದಿತ್ತು. ಆಲ್ದೊ ಹಣ್ಣಿನ ಪೆಟ್ಟಿಗೆಗಳಿಗೆ ತಟ್ಟೆ ಲೋಟಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ತುಂಬುತ್ತಿದ್ದ. ತೀರ್ಪು ಬರುವ ಮುಂಚೆಯೇ ಹೊರಟು ನಿಂತಿದ್ದ ಮನುಷ್ಯ. ಕೂರಿ ಅನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಹಬ್ಬ, ಪಟ್ಟಿ, ಅರಿಶಿನ, ಸಮಿತಿ. ಕ್ಷಮಿಸಿ ಅಂದೆ. ಅವನು ಒಂದು ಕಾಫಿ ಬಟ್ಟಲನ್ನು ಪೂರ್ತಿ ಸುತ್ತಿ ಇಟ್ಟು, ಮಾತಾಡಿದ.

"ಶನಿವಾರ ಶನಿವಾರ ಬರ್ತಿದ್ರು. ಸೀರೆ ಉಟ್ಟವರು, ಮುದುಕೀರು. ಎಲ್ರೂ ನಿಮ್ಮ ಹೆಸರು ಹೇಳೋರು. ನೀವೇ ಕಳ್ಸಿದೀರಿ ಅಂದ್ಕೊಂಡೆ. ಆಮೇಲೆ ಗಿಡ ಒಣಗೋಕೆ ಶುರು ಆಯ್ತು. ಅದಕ್ಕೇ ಗೊಬ್ಬರದ ಚೀಲ ತಂದು ಸಸಿ ಮಾಡಿದ್ದು. ನಿಮ್ಮನ್ನ ಕೇಳೋಣ ಅಂತ ಎರಡು ಸಲ ಬಂದೆ."

"ಡೈರೆಕ್ಟರ್ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲ್ಸ ಹೋಗೋದು." ಅವನು ಇನ್ನೊಂದು ಬಟ್ಟಲು ಎತ್ತಿಕೊಂಡ. "ಪ್ರತಿ ಅಕ್ಟೋಬರ್‌ನಲ್ಲಿ ಮೂರು ಟ್ರಕ್ಕು ಕೊಂಬೆ ಕಡಿದು ಬಿಸಾಕ್ತೀನಿ. ಅದೇ ಗಿಡಗಳದ್ದು. ಸ್ವಲ್ಪ ಮುಂಚೆ ಕಡೀತಿದ್ದೆ, ಒಂದು ಮಾತು ಕೇಳಿದ್ರೆ."

ಅವನಿಗೂ ನನ್ನ ಮೇಲೆ ಅನುಮಾನ ಇತ್ತು, ಒಂದು ತಿಂಗಳು ಪೂರ್ತಿ ಇತ್ತು. ಅವನು ಅದನ್ನು ಎಲ್ಲೂ ಬರೆದಿರಲಿಲ್ಲ, ಅಷ್ಟೆ ವ್ಯತ್ಯಾಸ. ಎರಡೂ ಕೀಲಿಕೈ ಮೇಜಿನ ಮೇಲಿಟ್ಟು, ಕಾರ್ಡನ್ನು ಅವನ ಮುಂದೆ ಹಿಡಿದೆ. ಅವನು ಹಿಡಿಯಲಿಲ್ಲ. ಒಳಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆದು, ಒರೆಸಿಕೊಂಡು ಬಂದು ಆಮೇಲೆ ಹಿಡಿದ. ಕಿಟಕಿಯ ಬೆಳಕಿಗೆ ಎತ್ತಿ ಮೇಲಿನಿಂದ ಓದಿದ. ೧೯೧೧. ೧೯೫೨, ಆರೂ ಬದುಕಿವೆ. ಎಪ್ಪತ್ತೆರಡರ ಹಿಮ. ಆಮೇಲೆ ನನ್ನ ಎರಡು ಸಾಲು. ಗೆರೆ ಎಳೆದ ಸಾಲಿನ ಮೇಲೆ ಅವನ ಹೆಬ್ಬೆರಳು ನಿಂತಿತು.

"ಹಳೇದು ಇನ್ನೂ ಓದೋಕೆ ಬರುತ್ತೆ," ಅಂದ.

"ಬರುತ್ತೆ. ರೂಲು ಹಾಗಿದೆ," ಅಂದೆ.

"ನನಗೆ ಗೊತ್ತು, ಸಿನ್ಯೋರಾ. ನಿಮಗೆ ಹೇಳಿಕೊಟ್ಟಿದ್ದು ನಾನೇ."

ಕಾರ್ಡನ್ನು ನನ್ನ ಕೈಗೆ ವಾಪಸು ಕೊಟ್ಟ. ಮೇಜಿನ ಮೇಲಿದ್ದ ಸಸಿಮನೆಯ ಕೀಲಿಕೈ ತೆಗೆದುಕೊಂಡು, ಟೋಪಿ ಹಾಕಿಕೊಂಡು, ಮೂರು ದಿನದಿಂದ ನೀರು ಕಾಣದ ಕುಂಡಗಳ ಕಡೆ ಹೊರಟ. ಕಾರ್ಡಿನ ಕೋಣೆಯ ಕೀಲಿಕೈಯನ್ನು ಮಾತ್ರ ಗೊಂಚಲಿಗೆ ಸೇರಿಸದೆ ಮೇಜಿನ ಮೇಲೇ ಬಿಟ್ಟಿದ್ದ.